ಗೊರಬು ಹೊತ್ತ ಫ್ಲ್ಯಾಶು

"ಆತ್ತಿಲ್ಲೆ" ಎಂದವರು ನಮ್ಮ ದೊಡ್ಡಪ್ಪಯ್ಯ.

ಆಗುವುದಿಲ್ಲ ಎಂಬ ಮಾತನ್ನು ನಮ್ಮ ಕುಂದಾಪುರದ ಕಡೆ ಹೀಗೆ ಮೊಟಕು ಮಾಡಿ ಹೇಳುತ್ತೇವೆ. ಬೇರೆಯವರು ಹೇಳಿದರೆ ಅದು ಬರೀ ಮಾತು. ದೊಡ್ಡಪ್ಪಯ್ಯ ಹೇಳಿದರೆ ಕೋರ್ಟಿನ ತೀರ್ಪು! ನಮ್ಮ ಹೊಳೆಗೆ ಸೇತುವೆ ಆತ್ತಿಲ್ಲೆ ಎಂದರು. ಆಯಿತು. ಆದರೂ ಅದು ನಿಲ್ಲುವುದಿಲ್ಲ ಎಂದರು. ನಿಂತಿತು. ಆ ಸೇತುವೆ ಮೇಲೆ ಬರುವ ಬಸ್ಸನ್ನು ಯಾರೂ ಹತ್ತುವುದಿಲ್ಲ ಎಂದರು. ಹಾಗೆ ಹೇಳಿ, ಯಾರೂ ಹತ್ತಿಲ್ಲವೆಂಬುದನ್ನು ಖಾತ್ರಿ ಮಾಡಿಕೊಳ್ಳಲು ತಾವೇ ಅದನ್ನು ಹತ್ತಿ ಬೈಂದೂರಿಗೆ ಹೋಗಿಬಂದರು!

ನನ್ನ ಬಗ್ಗೆಯೂ ಒಂದು ತೀರ್ಪು ಕೊಟ್ಟಿದ್ದರು.

"ಗದ್ದಿ ಅಂಚಿನಗೆ ಹುಟ್ಟಿದ್ ಮಾಣಿ ಬಿಯೆಸ್ಸಿ ಆಪುದಾ? ಏಡಿ ತೆಂಗಿನ್ ಮರ ಹತ್ತಿ ಬೊಂಡ ಇಳ್ಸುದಾ? ಆತ್ತಿಲ್ಲೆ!"

ನಾನು ಏಡಿಯ ಹಾಗೆಯೇ ಹತ್ತಿದೆ, ಅಡ್ಡಡ್ಡವಾಗಿ. ಉಡುಪಿಯ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ಸಂಜೆ ಮೇಜು ಒರೆಸಿದೆ. ನಡುವೆ ಸಿಕ್ಕ ಹಗಲನ್ನು ಕಾಲೇಜಿಗೆ ಕೊಟ್ಟೆ. ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದೆ, ಮತ್ತೆ ಕೂತೆ, ಪಾಸಾದೆ. ನಮ್ಮ ಮನೆತನದಲ್ಲಿ ಹೆಸರಿಗೊಂದು ಪದವಿಯ ಬಾಲ ಬಂದದ್ದು ನನ್ನಿಂದಲೇ. ಊರ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರೂ ಆದೆ. ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ನನ್ನನ್ನೇ ಕರೆಯತೊಡಗಿದರು. ಕೆಡದೆ ಇದ್ದದ್ದನ್ನು ನಾನೇ ಹುಡುಕಿಕೊಂಡು ಹೋಗತೊಡಗಿದೆ.

ನಾನು ಓದುತ್ತಿದ್ದ ಕಾಲಕ್ಕೆ ನನ್ನ ಹೊಟ್ಟೆ ನೋಡಿಕೊಂಡವಳು ಗಿರಿಜಕ್ಕ. ಅವಳು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಕಂಡವರ ಗದ್ದೆಯಲ್ಲಿ ನಾಟಿ ಮಾಡಿ, ಉಡುಪಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೆ ಅವಲಕ್ಕಿ ಗಂಟು ಕಳಿಸುತ್ತಿದ್ದಳು. ಮದುವೆಯಾದ ಮೇಲೂ ಇದ್ದದ್ದು ನಮ್ಮ ಮನೆಯಲ್ಲೇ. ಭಾವ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಭಾವ ಒಂದು ಹೊಲಿಗೆ ಮಿಷನ್ ಕಳಿಸಿದ್ದೇ ನೆಪ, ಅಕ್ಕ ಮಹಿಳಾ ಮಂಡಳಿಯ ಹೊಲಿಗೆ ತರಗತಿಗೆ ಸೇರಿದಳು. ಗದ್ದೆಯ ಕೆಸರು ತೊಳೆದು ಸೂಜಿ ಹಿಡಿಯುವುದು, ಸೂಜಿ ಇಟ್ಟು ಒಲೆ ಊದುವುದು. ಇಷ್ಟರ ನಡುವೆ ಸರ್ಕಾರದ ಹೊಲಿಗೆ ಪರೀಕ್ಷೆಗೂ ಕೂತಳು.

"ನಟ್ಟಿ ಮಾಡ್ದ್ ಕೈಗೆ ಸರ್ಕಾರ ಸರ್ಟಿಫಿಕೇಟ್ ಕೊಡುದಾ? ಆತ್ತಿಲ್ಲೆ" ಎಂದರು ದೊಡ್ಡಪ್ಪಯ್ಯ.

ಅಕ್ಕ ಪ್ರಥಮ ದರ್ಜೆಯಲ್ಲಿ ಪಾಸಾದಳು! ಸರ್ಟಿಫಿಕೇಟನ್ನು ಇಲಾಖೆಯ ಸಾಹೇಬರು ಊರಿನ ಶಾಲೆಗೇ ಬಂದು ಸಭೆಯಲ್ಲಿ ಕೊಡುವವರಿದ್ದರು.

ಊರಿನ ಶಾಲೆಗೆ ಹೊಲಿಗೆ ಟೀಚರು ಬೇಕಾಗಿತ್ತು. ಅಕ್ಕನನ್ನೇ ತೆಗೆದುಕೊಳ್ಳುತ್ತೇವೆ ಎಂದು ಹೆಡ್‌ಮೇಷ್ಟ್ರು ಬಾಯಿಬಿಟ್ಟು ಹೇಳಿದ್ದರು. ಉಳಿದದ್ದು ದೊಡ್ಡಪ್ಪಯ್ಯನ ಒಪ್ಪಿಗೆ. ಅಪ್ಪಯ್ಯ ತೀರಿಹೋದ ಮೇಲೆ ಮನೆಗೆ ಹಿರಿಯರು ಅವರೇ. ಅವರು ಬೇಡವೆಂದರೆ ಅಕ್ಕ ಅಂಗಳ ದಾಟುವವಳಲ್ಲ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಹೀಗೆಂದರು:

"ಪಾಸ್ ಅಂದೇಳಿ ಕಾಗ್ದ ಯಾರ್ ಬೇಕಾರೂ ಬರೀಲಕ್ಕ್. ಸಾಯ್ಬ್ರ್ ಕೈಯಿಂದ ಅವ್ಳ್ ತಕಂಬುದ್ ಪಟದಗೆ ಕಾಣ್ಲಿ. ಮತ್ತೆ ಅವ್ಳ್ ಶಾಲಿಗೆ ಹೋಪುಕೆ ನಾನ್ ಅಡ್ಡ ಬತ್ತಿಲ್ಲೆ."

ಪಟ ತೆಗೆಯುವವರು ಯಾರು? ನಾನಿಲ್ಲವೇ!

ಭಾವನ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಒಬ್ಬ ಫೋಟೋಗ್ರಾಫರು ಹೊಸ ಸಾಮಾನು ಕೊಂಡಾಗ ಹಳೆಯದನ್ನು ಭಾವನಿಗೆ ದಾಟಿಸಿದ್ದರು. ಭಾವ ಅದನ್ನು ನನಗೆ ಕಳಿಸಿದ್ದರು. ಒಂದು ಕ್ಯಾಮೆರಾ, ಒಂದು ಎಲೆಕ್ಟ್ರಾನಿಕ್ ಫ್ಲ್ಯಾಶು, ಅದಕ್ಕೆ ಹೆಗಲಿಗೆ ನೇತುಹಾಕುವ ಬ್ಯಾಟರಿ ಪೆಟ್ಟಿಗೆ. ಪೆಟ್ಟಿಗೆಯ ಗುಂಡಿ ಒತ್ತಿದರೆ ಒಳಗಿಂದ ಸೊಳ್ಳೆಯೊಂದು ಸಂಗೀತ ಕಲಿಯುವಂತೆ ಗುಂಯ್‌ಗುಡುತ್ತಿತ್ತು. ಸ್ವರ ಮೇಲೇರಿ ಮೇಲೇರಿ, ಕೊನೆಗೆ ಫ್ಲ್ಯಾಶಿನ ಬೆನ್ನಲ್ಲಿ ಕೆಂಪು ದೀಪ ಹತ್ತಿದರೆ ಅದು ತಯಾರು. ಎಂಥ ವಸ್ತು! ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಕತ್ತಲ ಕೋಣೆ ಹಗಲಾಗಿ ಮತ್ತೆ ಕತ್ತಲಾಗುತ್ತಿತ್ತು. ಕರೆಂಟಿನ ಕಂಬ ಕಾಣದ ನಮ್ಮ ಊರಿನಲ್ಲಿ ಮಿಂಚನ್ನು ಚೀಲದಲ್ಲಿಟ್ಟುಕೊಂಡು ತಿರುಗುವವನು ನಾನೊಬ್ಬನೇ. ನಡಿಗೆಯೇ ಬದಲಾಗಿತ್ತು.

ಅಭ್ಯಾಸಕ್ಕೆಂದು ದೊಡ್ಡಪ್ಪಯ್ಯನನ್ನೇ ಅವರ ಜಗಲಿಯಲ್ಲಿ ಕೂರಿಸಿ ಮೊದಲ ಪಟ ತೆಗೆದೆ. ಕುಂದಾಪುರದ ಸ್ಟುಡಿಯೋದಲ್ಲಿ ತೊಳೆಸಿ ತಂದು ಕೈಗಿತ್ತೆ. ಮುಖ ಅಕ್ಕಿಹಿಟ್ಟು ಬಳಿದಂತೆ ಬೆಳ್ಳಗೆ, ಹಿಂದಿನ ಗೋಡೆಯ ಮೇಲೆ ಇದ್ದಿಲಿನಂಥ ಕರೀ ನೆರಳು.

ದೊಡ್ಡಪ್ಪಯ್ಯ ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದ್ ನಾನಲ್ಲ ಮಾಣಿ. ಸತ್ತ್ ಹೋದ್ ನನ್ನ್ ಅಪ್ಪಯ್ಯ. ಹಿಂದ್ ನಿಂತದ್ದ್ ಯಮ."

ಅಕ್ಕನ ಬಾಳಿನ ಒಂದೇ ಒಂದು ಗಳಿಗೆಯನ್ನು ಯಮನ ಸಮೇತ ತೆಗೆಯಲಾದೀತೇ? ಕಾಲೇಜಿನ ದಿನಗಳಲ್ಲಿ ವಾಚನಾಲಯದಲ್ಲಿ ನೋಡಿದ್ದ ಒಂದು ಇಂಗ್ಲಿಷ್ ಪುಸ್ತಕ ನೆನಪಾಯಿತು. ಫ್ಲ್ಯಾಶಿನ ಬಾಯಿ ಸಣ್ಣದು, ಅದಕ್ಕೇ ಬೆಳಕು ಚೂಪು. ಆ ಬೆಳಕನ್ನು ನೇರ ಮುಖಕ್ಕೆ ಎಸೆಯದೆ, ಅಗಲವಾದ ಬಿಳಿ ವಸ್ತುವಿಗೆ ಬಡಿಸಿ ಹಿಂದಕ್ಕೆ ತಂದರೆ ಮುಖದ ಮೇಲೆ ಬೆಣ್ಣೆ ಸವರಿದಂತೆ ಇಳಿಯುತ್ತದೆ. ಅದಕ್ಕೆ ವಿದೇಶದವರು ಬಿಳೀ ಕೊಡೆ ಕಟ್ಟುತ್ತಾರಂತೆ. ನಮ್ಮೂರಿನಲ್ಲಿ ಕೊಡೆಗೆ ಬರವೇ? ಆದರೆ ಎಲ್ಲವೂ ಕಪ್ಪು! ಬಂದ ಬೆಳಕನ್ನೆಲ್ಲ ಕುಡಿದು ಸುಮ್ಮನೆ ಕೂರುವ ಜಾತಿ.

ಆಗ ಜಗಲಿಯ ಗೋಡೆಯಲ್ಲಿ ನೇತಾಡುತ್ತಿದ್ದ ಗೊರಬು ಕಣ್ಣಿಗೆ ಬಿತ್ತು.

ಗೊರಬು ಎಂದರೆ ನಾಟಿ ಮಾಡುವ ಹೆಂಗಸರು ಬೆನ್ನ ಮೇಲೆ ಹೊತ್ತ ಮನೆ. ಬಿದಿರ ಸಲಕೆಯ ಹಂದರಕ್ಕೆ ಒಣ ಎಲೆ ಹೆಣೆದು ಮಾಡಿದ, ಕವುಚಿಟ್ಟ ದೋಣಿಯಂಥದ್ದು. ತಲೆಗೆ ಸಿಕ್ಕಿಸಿ ಬಗ್ಗಿದರೆ ನೆತ್ತಿಯಿಂದ ಸೊಂಟದವರೆಗೆ ಮಳೆ ತಾಗದು, ಎರಡು ಕೈಯೂ ಖಾಲಿ. ಆ ಗೊರಬಿನ ಒಳಮೈಗೆ ಬೇಗಡೆ ಅಂಟಿಸಿದರೆ? ಬೀಡದಂಗಡಿಯಿಂದ ಸಿಗರೇಟು ಪ್ಯಾಕುಗಳೊಳಗಿನ ಬೆಳ್ಳಿ ಬೇಗಡೆಯನ್ನು ಕೇಳಿ ಕೇಳಿ ತಂದೆ. ಮೈದಾ ಗಂಜಿ ಕಾಯಿಸಿ ಅಂಟಿಸಿದೆ.

ನನ್ನ ಹೆಂಡತಿ ಸುಶೀಲ ಒಲೆಯ ಮುಂದಿನಿಂದ ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹ್ವಾಯ್, ಈ ವರ್ಷ ಯಕ್ಷಗಾನ ಮೇಳಕ್ಕೆ ಸೇರ್ತ್ರ್ಯಾ? ಎಂತ ವೇಷ?"

"ಇದು ಬೆಳಕಿನ ಪ್ರತಿಫಲನ ಸಾಧನ" ಎಂದೆ, ತರಗತಿಯ ಗಾಂಭೀರ್ಯದಲ್ಲಿ.

"ಹೌದಾ? ನಮ್ಮ್ ಮನ್ಯಗೆ ಅದಕ್ಕೆ ಗೊರ್ಬ್ ಅಂಬ್ರ್."

ಸಾಧನ ಸಿದ್ಧವಾಯಿತು. ಅದನ್ನು ಹೊರಿಸುವುದು ಮಾತ್ರ ಉಳಿದಿತ್ತು. ಅದೊಂದು ಸಣ್ಣ ವಿಷಯ ಎಂದುಕೊಂಡೆ. ಅಯ್ಯೋ!

ಫ್ಲ್ಯಾಶು ನಿಲ್ಲಿಸಲು ನಮ್ಮ ಹೈಸ್ಕೂಲಿನಿಂದ ಭೂಪಟ ತೂಗುಹಾಕುವ ಮರದ ಸ್ಟ್ಯಾಂಡನ್ನು ಹೆಡ್‌ಮೇಷ್ಟ್ರ ಅಪ್ಪಣೆ ಪಡೆದು ತಂದಿದ್ದೆ. ಇಡೀ ಪ್ರಪಂಚವನ್ನೇ ಹೊತ್ತ ಸ್ಟ್ಯಾಂಡು, ಒಂದು ಗೊರಬನ್ನು ಹೊರಲಾರದೇ? ಸ್ಟ್ಯಾಂಡಿನ ಮೇಲೆ ಫ್ಲ್ಯಾಶನ್ನು ಬಿಗಿದೆ. ಫ್ಲ್ಯಾಶಿಗೆ ಬೇಕಾದ ಕಡೆ ಮುಖ ತಿರುಗಿಸಲು ಕುತ್ತಿಗೆಯಲ್ಲಿ ಒಂದು ಕೀಲು, ಆ ಕೀಲಿಗೆ ಒಂದು ಸ್ಕ್ರೂ. ಆ ಕುತ್ತಿಗೆಗೇ ಗೊರಬನ್ನು ಹುರಿಹಗ್ಗದಿಂದ ಕಟ್ಟಿ ಕೈಬಿಟ್ಟೆ.

ಫ್ಲ್ಯಾಶು ನಿಧಾನವಾಗಿ, ಬಹು ವಿನಯದಿಂದ, ಅತ್ತೆಯ ಕಾಲಿಗೆ ಬೀಳುವ ಮದುಮಗಳಂತೆ ಬಗ್ಗಿತು.

ಎತ್ತಿ ನಿಲ್ಲಿಸಿದೆ. ಮತ್ತೆ ಬಗ್ಗಿತು. ಇಕ್ಕಳ ತಂದು ಸ್ಕ್ರೂವನ್ನು ಹಲ್ಲು ಕಚ್ಚಿ ಬಿಗಿದೆ. ಈ ಸಲ ಕುತ್ತಿಗೆ ಬಗ್ಗಲಿಲ್ಲ. ಇಡೀ ಸ್ಟ್ಯಾಂಡೇ ಮುಂದಕ್ಕೆ ಬಿತ್ತು! ನಾನು ಫ್ಲ್ಯಾಶನ್ನು ಅಪ್ಪಿ ಹಿಡಿದೆ. ಗೊರಬು ನನ್ನನ್ನು ಅಪ್ಪಿ ಹಿಡಿಯಿತು. ಹೊರಗಿನಿಂದ ನೋಡಿದವರಿಗೆ ಬೇಗಡೆ ಗೊರಬಿನಡಿ ಎರಡು ಕಾಲು ಮಾತ್ರ ಕಾಣುತ್ತಿತ್ತಂತೆ.

ಮುಂದೆ ಭಾರ ಹೆಚ್ಚಾದರೆ ಹಿಂದೆ ಭಾರ ಹಾಕಬೇಕು. ಇದು ಎಂಟನೆಯ ತರಗತಿಯ ಪಾಠ. ಪಾಠ ಮಾಡುವವನೂ ನಾನೇ. ಸ್ಟ್ಯಾಂಡಿನ ಹಿಂದೆ ಹಗ್ಗದಿಂದ ಒಂದು ಒಳ್ಳೆಯ ಭಾರ ನೇತುಹಾಕಿದೆ. ಗೊರಬು ನೆಟ್ಟಗೆ ನಿಂತಿತು. ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕೃತಿಯನ್ನು ನಾನೇ ಮೆಚ್ಚುತ್ತಿದ್ದಾಗ ಒಳಗಿನಿಂದ ಕೂಗು ಬಂತು.

"ಹ್ವಾಯ್, ಅರೆಯು ಕಲ್ಲಿನ್ ಗುಂಡ್ ಎಲ್ಲಿತ್ತ್?"

"ಅದು ಈಗ ಪ್ರತಿಭಾರ."

"ಪ್ರತಿಭಾರ ಆಗ್ಲಿ ಪರಭಾರ ಆಗ್ಲಿ, ಉದ್ದ್ ನೆನ್ಸಿ ಇಟ್ಟಿದೆ! ತಕಂಡ್ ಬನ್ನಿ!"

ತರುವ ಶ್ರಮವನ್ನು ಹಗ್ಗವೇ ಉಳಿಸಿತು. ಅದು ಕಡಿದು ಗುಂಡುಕಲ್ಲು ಕೆಳಗೆ ಬಿತ್ತು. ಜಗಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಅಂಗಳಕ್ಕೆ ಉರುಳಿ, ಬಚ್ಚಲ ಬದಿಯಲ್ಲಿ ತೊಳೆದು ಕವುಚಿದ್ದ ತಾಮ್ರದ ಹಂಡೆಗೆ ಢಣ್ ಎಂದು ಬಡಿಯಿತು. ಆ ನಾದ ಅಡಗುವ ಮೊದಲೇ ಪಕ್ಕದ ಮನೆಯಿಂದ ದೊಡ್ಡಪ್ಪಯ್ಯನ ಸ್ವರ ಕೇಳಿತು.

"ಪೂಜಿ ಆಯ್ತಾ ಮಾಣಿ?"

ಅಂಚು ಮುಕ್ಕಾದ ಗುಂಡಿನಲ್ಲಿ ಅರೆದದ್ದಕ್ಕೆ, ಮರುದಿನದ ದೋಸೆಯಲ್ಲಿ ಉದ್ದು ಕಲ್ಲುಕಲ್ಲಾಗಿ ಸಿಕ್ಕಿತು. ಸುಶೀಲ ಅವನ್ನು ಒಂದೊಂದಾಗಿ ಹೆಕ್ಕಿ ನನ್ನ ಕಣ್ಣೆದುರೇ ಎಲೆಯಂಚಿಗೆ ಸಾಲಾಗಿ ಇಟ್ಟಳು. ಅದೇ ಹೆಚ್ಚು ಉರಿಯಿತು. ಅಕ್ಕ ಮಾತ್ರ ನನ್ನ ಎಲೆಗೆ ಇನ್ನೊಂದು ದೋಸೆ ಹಾಕಿ, "ಆತ್ತ್ ಬಿಡ್ ತಮ್ಮಾ. ನೀ ಮಾಡ್ರೆ ಆತ್ತ್" ಎಂದಳು. ನಾನು ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದಾಗಲೂ ಅವಳು ಹೇಳಿದ್ದು ಇದೇ ಮಾತು. ಇಡೀ ಊರಿನಲ್ಲಿ ದೊಡ್ಡಪ್ಪಯ್ಯನ "ಆತ್ತಿಲ್ಲೆ"ಗೆ ಎದುರು ನಿಂತ "ಆತ್ತ್" ಅದೊಂದೇ.

ಅದೇ ದಿನ ರಸ್ತೆಯಲ್ಲಿ ಒಣ ಸಿಗಡಿ ಮಾರುವವನು ಎದುರಾದ. ಹೆಗಲ ಮೇಲೆ ಬಿದಿರಿನ ಅಡ್ಡೆ, ಅದರ ಎರಡು ತುದಿಗೆ ಎರಡು ಬುಟ್ಟಿ. ಅವನ ಕುತ್ತಿಗೆ ಸ್ವತಂತ್ರ! ಆಚೆ ನೋಡುತ್ತಾನೆ, ಈಚೆ ನೋಡುತ್ತಾನೆ, ಭಾರಕ್ಕೂ ಕುತ್ತಿಗೆಗೂ ಸಂಬಂಧವೇ ಇಲ್ಲ!

"ಸಿಕ್ಕಿತು!" ಎಂದು ರಸ್ತೆಯ ಮಧ್ಯದಲ್ಲಿ ಕೂಗಿದೆ.

"ಎಂತ ಸಿಕ್ಕುದ್ ಮೇಷ್ಟ್ರೇ? ಬರೀ ಶೆಟ್ಲಿ ಇಪ್ದ್" ಎಂದು ಅವನು ಬುಟ್ಟಿ ಇಳಿಸಿದ. ಸಿಗಡಿ ಕೊಳ್ಳದೆ ಬಿ.ಎಸ್ಸಿ. ಓದಿದವನೂ ಅವನಿಂದ ಪಾರಾಗಲಾರ.

ಮನೆಗೆ ಬಂದವನೇ ಸ್ಟ್ಯಾಂಡಿನ ನೆತ್ತಿಗೆ ಒಂದು ಬಿದಿರ ಗಳುವನ್ನು ಅಡ್ಡೆಯಂತೆ ಬಿಗಿದೆ. ಮುಂದಿನ ತುದಿಗೆ ಗೊರಬು, ಹಿಂದಿನ ತುದಿಗೆ ಬ್ಯಾಟರಿ ಪೆಟ್ಟಿಗೆ. ಫ್ಲ್ಯಾಶು ಸ್ಟ್ಯಾಂಡಿನ ಮೇಲೆ ಬೇರೆಯಾಗಿ, ಆಕಾಶ ನೋಡುತ್ತಾ, ಗೊರಬಿನ ಹೊಟ್ಟೆಯೊಳಗೆ ಇಣುಕುವ ಹಾಗೆ. ಅದರ ಕುತ್ತಿಗೆಯ ಮೇಲೆ ಒಂದು ಎಳ್ಳಿನ ಭಾರವೂ ಇಲ್ಲ. ಅಕ್ಕ ದಪ್ಪ ಬಟ್ಟೆಯ ಪಟ್ಟಿಗಳನ್ನು ಹೊಲಿದು ಕೊಟ್ಟಳು. ಹಗ್ಗ ಜಾರಿದರೂ ಆ ಪಟ್ಟಿ ಜಾರದು. ನಿಂತಿತು ನೋಡಿ! ತಳ್ಳಿದೆ, ಎಳೆದೆ, ಸುಶೀಲ ಕಸಬರಿಕೆಯಲ್ಲಿ ಹೊಡೆದಳು. ತೂಗಿತು, ಬೀಳಲಿಲ್ಲ.

ದೊಡ್ಡಪ್ಪಯ್ಯನೂ ಬಂದು ಒಮ್ಮೆ ಜಗ್ಗಿದರು. ಮತ್ತೊಮ್ಮೆ ಜಗ್ಗಿದರು.

"ಇವತ್ತ್ ಬೀಳ್ಲಿಲ್ಲೆ" ಎಂದು ಒಪ್ಪಿಕೊಂಡರು. "ಆ ದಿನ ಬೀಳತ್ತ್."

ಸಾಹೇಬರಿಗೆ ಪುರುಸೊತ್ತು ಸಿಕ್ಕಿದ್ದು ನಾಟಿಯ ಕಾಲದಲ್ಲೇ. ಶಾಲೆಯ ಉದ್ದನೆಯ ಕೋಣೆಯಲ್ಲಿ ಸರ್ಟಿಫಿಕೇಟು ವಿತರಣೆಯ ಸಮಾರಂಭ. ವೇದಿಕೆಯ ಮೇಲ್ಗಡೆ, ಹಂಚಿನ ಧೂಳು ಸಾಹೇಬರ ತಲೆಗೆ ಬೀಳದಿರಲೆಂದು, ಶುಭಕಾರ್ಯಕ್ಕೆ ಕಟ್ಟುವಂತೆ ಬಿಳೀ ಬಟ್ಟೆಯ ಮೇಲ್ಕಟ್ಟು ಕಟ್ಟಿದ್ದರು. ಅದನ್ನು ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಬಾಗಿಲಲ್ಲಿ ಜನ ತುಂಬಿದ್ದರಿಂದ ನನ್ನ ಯಂತ್ರವನ್ನು ಹೊರಗಿನ ಜಗಲಿಯಲ್ಲಿ ನಿಲ್ಲಿಸಿ, ಸುಶೀಲೆಯನ್ನು ಕಾವಲಿಟ್ಟು, ಜಾಗ ನೋಡಲು ಒಳಗೆ ಹೋದೆ. ಅಷ್ಟರಲ್ಲಿ ದೊಡ್ಡಪ್ಪಯ್ಯ ದೊಡ್ಡಮ್ಮನ ಜೊತೆ ಬಂದರು. ಬರುವುದಿಲ್ಲ ಎಂದಿದ್ದವರು!

"ಸಭೆಗ್ ಬಂದದ್ದಲ್ಲ" ಎಂದು ಸುಶೀಲೆಗೆ ಮೊದಲೇ ಸ್ಪಷ್ಟಪಡಿಸಿದರಂತೆ. "ಗೊರ್ಬ್ ಬೀಳುದ್ ಕಾಂಬುಕೆ ಬಂದದ್ದ್."

ಜಗಲಿಯಲ್ಲಿ ಕೂತ ದೊಡ್ಡಪ್ಪಯ್ಯನಿಗೆ ಎಲೆಯಡಿಕೆಯ ಸಂಚಿ ಮರೆತದ್ದು ನೆನಪಾಯಿತು. ತಂದುಕೊಡು ಎಂದು ದೊಡ್ಡಮ್ಮನನ್ನು ಮನೆಗೆ ಅಟ್ಟಿದರು. ಅದೇ ಹೊತ್ತಿಗೆ ಅಕ್ಕನ ಸೆರಗಿಗೆ ಪಿನ್ನು ಹಾಕಲು ಸುಶೀಲ ಒಳಗೆ ಓಡಿದಳು. ಅದೇ ಹೊತ್ತಿಗೆ ಮಳೆ ಧೋ ಎಂದು ಹೊಯ್ಯಿತು. ಬಂದಾಗ ಮಳೆ ಇರಲಿಲ್ಲವಾದ್ದರಿಂದ ದೊಡ್ಡಮ್ಮನ ಕೈ ಖಾಲಿ. ಜಗಲಿಯಲ್ಲಿ ಒಂದು ಗೊರಬು ಕೋಲಿಗೆ ನೇತಾಡುತ್ತಿದೆ. ನಮ್ಮೂರಿನ ಯಾವ ಹೆಂಗಸಾದರೂ ಏನು ಮಾಡುತ್ತಾಳೆ? ಮಳೆ ಬರುತ್ತಿದೆ, ಗೊರಬು ಇದೆ. ದೊಡ್ಡಮ್ಮ ಅಕ್ಕನ ಪಟ್ಟಿಗಳನ್ನು ಜಾಣತನದಿಂದ ಬಿಚ್ಚಿ, ಗೊರಬನ್ನು ತಲೆಗೆ ಸಿಕ್ಕಿಸಿ, ಮಳೆಗೆ ಇಳಿದರು.

ಅಡ್ಡೆಯ ಒಂದು ಬುಟ್ಟಿ ತೆಗೆದರೆ ಏನಾಗುತ್ತದೆಂದು ಸಿಗಡಿ ಮಾರುವವನಿಗೂ ಗೊತ್ತು.

ಬ್ಯಾಟರಿ ಪೆಟ್ಟಿಗೆ ಧೊಪ್ಪನೆ ಕೆಳಗೆ ಬಿತ್ತು. ಪುಣ್ಯಕ್ಕೆ, ಸಭಿಕರು ಬಿಟ್ಟಿದ್ದ ಚಪ್ಪಲಿಗಳ ರಾಶಿಯ ಮೇಲೆ. ಗಳುವಿನ ಇನ್ನೊಂದು ತುದಿ ಮೇಲಕ್ಕೆ ಚಿಮ್ಮಿ ಮಾಡಿನ ಹಂಚೊಂದನ್ನು ಪಕ್ಕಕ್ಕೆ ಸರಿಸಿತು. ಏನು ಸದ್ದೆಂದು ನೋಡಲು ಓಡಿಬಂದ ಶಾಲೆಯ ಹೆಡ್‌ಮೇಷ್ಟ್ರು ಸರಿಯಾಗಿ ಆ ತೂತಿನಡಿ ನಿಂತರು. ಅವರ ಇಸ್ತ್ರಿ ಹಾಕಿದ ಜುಬ್ಬಾಕ್ಕೆ ಅಭಿಷೇಕವಾಯಿತು!

"ಗೊರ್ಬ್ ಎಲ್ಲಿ?" ಎಂದೆ, ಒಳಗಿನಿಂದ ಓಡಿಬಂದು.

ದೊಡ್ಡಪ್ಪಯ್ಯ ಶಾಂತವಾಗಿ ಮಳೆಯ ಕಡೆ ಕೈ ತೋರಿಸಿದರು. "ಅವ್ಳ್ ಹಾಯ್ಕಂಡ್ ಹೋದ್ಲ್. ಮಳಿ ಬಪ್ಪತಿಗೆ ಗೊರ್ಬ್ ಇಪ್ದ್ ಎಂತಕ್ಕೆ ಮತ್ತೆ?"

ಕ್ಯಾಮೆರಾವನ್ನು ಸುಶೀಲೆಯ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, ಗದ್ದೆಗೆ ಹಾರಿದೆ.

ಗದ್ದೆಯ ತುಂಬ ಗೊರಬು! ನಾಟಿ ಭರದಿಂದ ಸಾಗಿತ್ತು. ಬಗ್ಗಿದ ಗೊರಬು, ನಡೆಯುವ ಗೊರಬು, ಅಂಚಿನ ಮೇಲೆ ನಿಂತು ಎಲೆಯಡಿಕೆ ಹಾಕುವ ಗೊರಬು. ಹಿಂದಿನಿಂದ ನೋಡಿದರೆ ಎಲ್ಲವೂ ಒಂದೇ. ನನ್ನದನ್ನು ಗುರುತಿಸಲು ಒಂದೇ ದಾರಿ, ಒಳಗಿನ ಬೇಗಡೆ.

"ಹ್ವಾಯ್! ಒಂಚೂರ್ ಗೊರ್ಬ್ ಎತ್ತಿ! ಒಳ್ಗೆ ಕಾಣ್ಕ್!"

ಗದ್ದೆಯಲ್ಲಿ ಹಾಡು ನಿಂತಿತು. ಗೊರಬುಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು.

"ಅಯ್ಯಬ್ಬೇ! ಮೇಷ್ಟ್ರಿಗ್ ಎಂತ ಆಯ್ತ್?"

"ಓದದ್ದ್ ಹೆಚ್ಚಾಯ್ತ್ ಕಾಣ್."

"ಸುಶೀಲಮ್ಮನಿಗೆ ಹೇಳ್ಕಾ ಮೇಷ್ಟ್ರೇ, ನೀವ್ ಗೊರ್ಬಿನ್ ಒಳ್ಗೆ ಕಾಂಬುಕೆ ಬಂದದ್ದ್?"

ನಗೆಯ ಅಲೆಯೊಂದು ಗದ್ದೆಯಿಂದ ಗದ್ದೆಗೆ ದಾಟಿತು. ಯಾರೋ ಎಸೆದ ಕೆಸರಿನ ಮುದ್ದೆ ನನ್ನ ಬೆನ್ನಿಗೆ ತಾಗಿತು. ಗುರಿ ಚೆನ್ನಾಗಿತ್ತು.

ಆ ಗದ್ದಲಕ್ಕೆ ದೂರದ ಅಂಚಿನಲ್ಲಿ ಹೋಗುತ್ತಿದ್ದ ಗೊರಬೊಂದು ನಿಂತು ತಿರುಗಿತು. ದೊಡ್ಡಮ್ಮ! ಮಳೆಯ ನಡುವೆ ಪಡುವಣದ ಮೋಡ ಒಂದಿಷ್ಟು ಹರಿದು ಕಡಲ ಕಡೆಯಿಂದ ಬೆಳಕು ಬಂದಿತ್ತು. ಅದು ಗೊರಬಿನೊಳಗಿನ ಬೇಗಡೆಗೆ ತಾಗಿ, ಚದುರಿ, ದೊಡ್ಡಮ್ಮನ ಸುಕ್ಕು ಮುಖದ ಮೇಲೆ ಇಳಿಯಿತು. ಎಲ್ಲಿಯೂ ಚೂಪಿಲ್ಲ, ಎಲ್ಲಿಯೂ ಕರೀ ನೆರಳಿಲ್ಲ. ಮೂಗುತಿಯ ಕಲ್ಲು ಹೊಳೆಯಿತು. ಅಷ್ಟು ಚಂದದ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ದಿನವೂ ನೋಡುವ ಮುಖ ಅದು! ನನ್ನ ಲೆಕ್ಕವೆಲ್ಲ ಸರಿಯಿತ್ತು. ಪುಸ್ತಕ ಸರಿಯಿತ್ತು, ಗೊರಬು ಸರಿಯಿತ್ತು. ಕ್ಯಾಮೆರಾ ಮಾತ್ರ ಶಾಲೆಯಲ್ಲಿತ್ತು.

"ಮಾಣಿ, ಇದ್ ಯಾರ್ ಗೊರ್ಬ್ ಮಾರಾಯ? ಒಳ್ಗೆ ದೇವ್ರ್ ಗುಡಿಯಂಗೆ ಹೊಳಿತ್ತ್!"

"ನಂದೇ ದೊಡ್ಡಮ್ಮ. ಅಕ್ಕನ ಪಟಕ್ಕೆ."

"ಹೌದಾ! ಬೇಗ ತಕಂಡ್ ಓಡ್ ಹಾಂಗಾರೆ. ನಂಗ್ ಬಾಳಿ ಎಲಿ ಸಾಕ್."

ಓಡಿದೆ. ಗೊರಬು ಕೈಯಲ್ಲಿ ಹಿಡಿಯುವ ವಸ್ತುವಲ್ಲ, ತಲೆಗೇ ಸಿಕ್ಕಿಸಿಕೊಂಡು ಓಡಿದೆ. ಗದ್ದೆಯಲ್ಲಿ ಮತ್ತೊಂದು ಸಲ ನಗೆ ಎದ್ದದ್ದು ಕೇಳಿಸಿತು.

ಶಾಲೆಯ ಬಾಗಿಲಲ್ಲಿ ಸುಶೀಲ ಕುಣಿಯುತ್ತಿದ್ದಳು. "ಹ್ವಾಯ್! ಬೇಗ ಬನ್ನಿ! ಅಕ್ಕನ್ ಹೆಸ್ರ್ ಬಪ್ಪುಕಾಯ್ತ್!"

ಇಬ್ಬರೂ ಸೇರಿ ಯಂತ್ರವನ್ನು ಒಳಗೆ ನೂಕಿ ವೇದಿಕೆಯ ಪಕ್ಕ ನಿಲ್ಲಿಸಿದೆವು. ಪೆಟ್ಟಿಗೆ ಗುಂಯ್ ಎಂದಿತು, ಕೆಂಪು ದೀಪವೂ ಹತ್ತಿತು. ಅವಸರದಲ್ಲಿ ಗೊರಬು ಕಟ್ಟಿದೆ. ಆಗ ಕಂಡಿತು ಹೊಸ ವಿಪತ್ತು. ಒಣ ಗೊರಬಿನ ತೂಕಕ್ಕೆ ನಾನು ಲೆಕ್ಕ ಹಾಕಿದ್ದು. ನೀರು ಕುಡಿದ ಗೊರಬು ಗಬ್ಬದ ಎಮ್ಮೆಯಾಗಿತ್ತು! ಗಳು ಮುಂದಕ್ಕೆ ವಾಲಿತು. ಬ್ಯಾಟರಿ ಪೆಟ್ಟಿಗೆ ಗಾಳಿಯಲ್ಲಿ ಕಾಲು ಬಡಿಯಿತು.

ಭಾರ ಬೇಕು. ಈಗಲೇ ಬೇಕು. ಪಕ್ಕದ ಬೆಂಚಿನಲ್ಲಿ, ಜಗಲಿಯಿಂದ ಒಳಬಂದು ಸಂಚಿಗೆ ಕಾಯುತ್ತಾ, ಯೋಗ್ಯವಾದ ಭಾರವೊಂದು ಕೂತಿತ್ತು.

"ದೊಡ್ಡಪ್ಪಯ್ಯ, ಈ ತುದಿ ಹಿಡ್ಕಣಿ!"

"ನಾನಾ?"

"ನೀವ್ ಹಿಡ್ಕಂಡ್ರೆ ಬೀಳುದಿಲ್ಲೆ."

ಅವರು ನನ್ನನ್ನು ನೋಡಿದರು, ಗೊರಬನ್ನು ನೋಡಿದರು. ಬೀಳುವುದನ್ನು ನೋಡಲು ಬಂದವರು ಎದ್ದು, ಶಾಲು ಸರಿಮಾಡಿಕೊಂಡು, ಎರಡು ಕೈಯಲ್ಲೂ ಗಳುವಿನ ತುದಿಯನ್ನು ಹಿಡಿದು ಕೆಳಗೆ ಜಗ್ಗಿ ನಿಂತರು. ಗೊರಬು ಮೇಲೇರಿ ನಿಂತಿತು. ಗಾಣದ ಎತ್ತಿನಂಥ ಮನುಷ್ಯ! ಇಷ್ಟು ವರ್ಷ ಬೇಡ ಬೇಡ ಎನ್ನುತ್ತಾ ಇಡೀ ಮನೆಯ ಭಾರವನ್ನು ಹೀಗೆಯೇ ಒಂದು ತುದಿಯಲ್ಲಿ ಹಿಡಿದು ನಿಂತವರಲ್ಲವೇ ಎಂದು ನನಗೆ ಅನಿಸಿದ್ದು ಆಗಲೇ.

"ಗಿರಿಜಾ. ಪ್ರಥಮ ದರ್ಜೆ!"

ಅಕ್ಕ ಸಾಲಿನಿಂದ ಎದ್ದಳು. ತಾನೇ ಹೊಲಿದ ರವಿಕೆ, ಮದುವೆಯ ಸೀರೆ. ಮೆಟ್ಟಿಲು ಹತ್ತುವಾಗ ಕಾಲ್ಬೆರಳ ಸಂದಿಯಲ್ಲಿ ಬೆಳಗಿನ ಗದ್ದೆಯ ಕೆಸರು ಇನ್ನೂ ಇತ್ತು. ತಲೆ ತಗ್ಗಿಸಲಿಲ್ಲ. ನೂರು ಸಲ ಅದೇ ವೇದಿಕೆ ಹತ್ತಿದವಳಂತೆ ನಡೆದಳು. ನನ್ನ ಕಣ್ಣು ಮಂಜಾಯಿತು. ಕ್ಯಾಮೆರಾದ ಗಾಜು ಮಂಜಾಗಿದೆ ಎಂದುಕೊಂಡು ಅದನ್ನು ಒರೆಸಿದೆ.

ಸಾಹೇಬರು ಸರ್ಟಿಫಿಕೇಟು ಎತ್ತಿಕೊಂಡರು. ಅವರು ಮೈಸೂರು ಕಡೆಯವರು, ಸೂಟು ಬೂಟಿನವರು.

"ಸ್ವಾಮಿ, ಒಂದು ಹೆಜ್ಜೆ ಈಚೆ, ಬೆಳಕಿಗೆ" ಎಂದು ವಿನಂತಿಸಿದೆ. ಅವರು ನಗುತ್ತಾ ಸರಿಯಾಗಿ ಗೊರಬಿನಡಿ ಬಂದು ನಿಂತು ಕೈ ಚಾಚಿದರು. ಅಕ್ಕ ಕೈ ಚಾಚಿದಳು. ಸಭೆ ಚಪ್ಪಾಳೆ ತಟ್ಟಿತು.

ದೊಡ್ಡಪ್ಪಯ್ಯನೂ ತಟ್ಟಿದರು.

ಹುಟ್ಟಿದಂದಿನಿಂದ ಯಾವುದಕ್ಕೂ ಚಪ್ಪಾಳೆ ತಟ್ಟದ ಮನುಷ್ಯ, ಎರಡು ಕೈಯನ್ನೂ ಗಳುವಿನಿಂದ ಬಿಟ್ಟು ತಟ್ಟಿದರು!

ನಾನು ಗುಂಡಿ ಒತ್ತಿದ್ದಕ್ಕೂ ಗೊರಬು ಜಾರಿ ಸಾಹೇಬರ ಮೇಲೆ ಕವುಚಿದ್ದಕ್ಕೂ ಸರಿಹೋಯಿತು. ಮಿಂಚು ಹೊಡೆಯಿತು. ಸಭೆ ಹೋ ಎಂದಿತು.

ಆ ಪಟವನ್ನು ಆಮೇಲೆ ತೊಳೆಸಿದಾಗ ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಡಗಡೆ ಪ್ಯಾಂಟು ಬೂಟು ಹಾಕಿದ ಒಂದು ಗೊರಬು ಸರ್ಟಿಫಿಕೇಟು ಕೊಡುತ್ತಿದೆ. ಬಲಗಡೆ ಅಕ್ಕ. ಅವಳ ಮುಖದ ಮೇಲೆ ಬೆಣ್ಣೆಯಂಥ ಬೆಳಕು! ಗೊರಬು ಬಿದ್ದ ಮೇಲೆ ಈ ಬೆಳಕು ಎಲ್ಲಿಂದ ಬಂತು? ಭಾರವಿಲ್ಲದ ಕುತ್ತಿಗೆಯ ಫ್ಲ್ಯಾಶು ಅಲುಗದೆ ಮೇಲೆ ನೋಡುತ್ತಲೇ ಇತ್ತು. ಅದರ ಬೆಳಕು ನೇರ ಮೇಲ್ಕಟ್ಟಿನ ಬಿಳೀ ಬಟ್ಟೆಗೆ ಬಡಿದು ಮೆತ್ತಗೆ ಕೆಳಗಿಳಿದಿತ್ತು. ಬೇಗಡೆ ಬೇಕಿರಲಿಲ್ಲ, ಅಡ್ಡೆ ಬೇಕಿರಲಿಲ್ಲ, ಗುಂಡುಕಲ್ಲು ಬೇಕಿರಲಿಲ್ಲ. ಸುಮ್ಮನೆ ಮೇಲೆ ನೋಡುವ ಬುದ್ಧಿ ಬೇಕಿತ್ತು. ಅದು ನನಗಿಂತ ಮೊದಲು ಫ್ಲ್ಯಾಶಿಗೆ ಬಂದಿತ್ತು.

ಅದೆಲ್ಲ ಆಮೇಲಿನ ಮಾತು. ಅಂದು ವೇದಿಕೆಯ ಮೇಲೆ ಗೊರಬಿನೊಳಗಿನಿಂದ, "ಇದೇನ್ರೀ ಇದು! ಯಾರ್ರೀ ದೀಪ ಆರಿಸಿದ್ದು!" ಎಂಬ ಸ್ವರ ಬರುತ್ತಿತ್ತು. ಹೆಡ್‌ಮೇಷ್ಟ್ರು ಒದ್ದೆ ಜುಬ್ಬಾದಲ್ಲಿ ಕಂಬದಂತೆ ನಿಂತಿದ್ದರು. ನಾನು ಯಾವ ಕಡೆಯ ಬಾಗಿಲು ಹತ್ತಿರವೆಂದು ಅಳೆಯುತ್ತಿದ್ದೆ. ಅಲ್ಲಾಡದೆ ಇದ್ದವಳು ಅಕ್ಕ ಒಬ್ಬಳೇ. ನಗಲಿಲ್ಲ, ಗಾಬರಿಯಾಗಲಿಲ್ಲ. ಗದ್ದೆಯಲ್ಲಿ ಪಕ್ಕದವಳ ಗೊರಬು ಓರೆಯಾದರೆ ಸರಿಮಾಡುವ ಹಾಗೆ, ಒಂದು ಕೈಯಲ್ಲಿ ಅದರ ಅಂಚನ್ನು ಮೆಲ್ಲನೆ ಎತ್ತಿದಳು.

"ಸಾಯ್ಬ್ರೇ, ನೀರ್ ಬೀಳ್ತಿತ್ತ್. ಸರ್ಟಿಫಿಕೇಟ್ ಒದ್ದಿ ಆತ್ತ್, ಇತ್ತ ಕೊಡಿ."

ಸಾಹೇಬರು ಬೇಗಡೆಯ ಹೊಳಪಿನ ನಡುವೆ ಕಣ್ಣು ಪಿಳುಕಿಸಿ ಕೊಟ್ಟರು. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ನಾನು ದೊಡ್ಡಪ್ಪಯ್ಯನ ಕಡೆ ತಿರುಗಿದೆ. ಪಟ ಬಂದಿದೆಯೋ ಇಲ್ಲವೋ ಆಗ ಯಾರಿಗೆ ಗೊತ್ತು? "ದೊಡ್ಡಪ್ಪಯ್ಯ, ಪಟ..." ಎಂದು ತೊದಲಿದೆ.

"ಪಟ ಎಂತಕ್ಕೆ ಮಾರಾಯ? ನಾನ್ ಇಲ್ಲೇ ನಿತ್ಕಂಡ್ ಕಾಣ್ಲಿಲ್ಯಾ?" ಎಂದರು. ಶಾಲಿನ ತುದಿಯಿಂದ ಕಣ್ಣು ಒರೆಸಿ, ವೇದಿಕೆಯ ಮೇಲಿದ್ದ ಅಕ್ಕನನ್ನೊಮ್ಮೆ, ನೆಲದ ಮೇಲಿದ್ದ ನನ್ನ ಗಳು, ಗೊರಬು, ಪಟ್ಟಿಗಳನ್ನೊಮ್ಮೆ ನೋಡಿ ತೀರ್ಪು ಕೊಟ್ಟರು:

"ಅವ್ಳದ್ದ್ ಆಯ್ತ್, ನಾಳೆಯಿಂದ ಶಾಲಿಗ್ ಹೋಗ್ಲಿ. ನಿಂದ್ ಮಾತ್ರ ಮಾಣಿ... ಆತ್ತಿಲ್ಲೆ!"